ಎಣಿಕೆ ಎಲ್ಲಿಂದ ಶುರು? ಅಮೆರಿಕದ ವೈದ್ಯರು ಸಂಪತ್ತನ್ನು ಅಳೆಯುವ ಬಗೆಗಳು

ಅಮೆರಿಕದಲ್ಲಿ ಓದು, ತರಬೇತಿ ಎಲ್ಲವನ್ನೂ ಈಗಷ್ಟೇ ಮುಗಿಸಿದ ಮೂವತ್ತೆರಡರ ವೈದ್ಯೆಯೊಬ್ಬಳನ್ನು ಕಣ್ಣಮುಂದೆ ತಂದುಕೊಳ್ಳೋಣ. ಪದವಿಗೆ ನಾಲ್ಕು ವರ್ಷ, ವೈದ್ಯಕೀಯ ಓದಿಗೆ ನಾಲ್ಕು ವರ್ಷ, ರೆಸಿಡೆನ್ಸಿ, ಫೆಲೋಶಿಪ್ ಎಂಬ ಆಸ್ಪತ್ರೆ ತರಬೇತಿಗಳಿಗೆ ಸೇರಿ ಆರು ವರ್ಷ. ಅವಳ ಜೊತೆ ಪದವಿ ಓದಿ ಎಂಜಿನಿಯರ್ ಆದ ಗೆಳತಿ ಹತ್ತು ವರ್ಷದಿಂದ ಸಂಬಳ ಎಣಿಸುತ್ತಿದ್ದಾಳೆ. ಇವಳ ಹೆಸರಿನಲ್ಲಿರುವುದು 2 ಲಕ್ಷ ಡಾಲರ್ ಸಾಲ. ಮುಂದಿನ ತಿಂಗಳಿಂದ ಬರಲಿರುವುದು ವರ್ಷಕ್ಕೆ 3 ಲಕ್ಷ ಡಾಲರ್ ಸಂಬಳ.

ಅಲ್ಲಿ ಮನೆಮಾತಾಗಿರುವ ಒಂದು ಸೂತ್ರದ ಪ್ರಕಾರ ಈ ವಯಸ್ಸಿಗೆ, ಈ ಸಂಬಳಕ್ಕೆ ಅವಳ ಬಳಿ 9 ಲಕ್ಷ 60 ಸಾವಿರ ಡಾಲರ್ ಆಸ್ತಿ ಇರಬೇಕು. ಇನ್ನೊಂದು ಲೆಕ್ಕದ ಪ್ರಕಾರ ಅವಳು ಇರಬೇಕಾದ ಜಾಗದಲ್ಲೇ ಇದ್ದಾಳೆ, ಏಕೆಂದರೆ ಅವಳ ಗಡಿಯಾರ ಇನ್ನೂ ಶುರುವಾಗಿಲ್ಲ. ಮತ್ತೊಂದು ಅವಳ ಆಸ್ತಿಯನ್ನೂ ಸಾಲವನ್ನೂ ಬದಿಗಿಟ್ಟು, ತಿಂಗಳ ಖರ್ಚೆಷ್ಟು ಎಂದು ಕೇಳುತ್ತದೆ. ಅರ್ಥಶಾಸ್ತ್ರಜ್ಞನೋ, ಇಷ್ಟು ವರ್ಷ ಅವಳು ಬೇಡವಾಗಿ ಬಡವಳಂತೆ ಬದುಕಿದಳೇನೋ ಎಂದು ಮರುಗುತ್ತಾನೆ.

ಈ ಎಲ್ಲ ಅಳತೆಗಳೂ ಸುತ್ತುವುದು ಒಂದನ್ನೇ: ನಿವ್ವಳ ಸಂಪತ್ತು. ಇರುವುದರಲ್ಲಿ ಕೊಡಬೇಕಾದ್ದನ್ನು ಕಳೆದರೆ ಉಳಿಯುವುದು. ಶಾಲಾ ಮಕ್ಕಳಿಗೂ ಬರುವ ಈ ಕಳೆಯುವ ಲೆಕ್ಕ ವೈದ್ಯರ ವಿಷಯದಲ್ಲಿ ಇಷ್ಟು ಕಗ್ಗಂಟಾಗಿದ್ದು ಹೇಗೆ? ನನ್ನ ಮಟ್ಟಿಗೆ ಉತ್ತರ ಇದು: ಜಗಳ ಇರುವುದು ಹಣದ ಮೊತ್ತದಲ್ಲಲ್ಲ, ಎಣಿಕೆ ಎಲ್ಲಿಂದ ಶುರುವಾಗಬೇಕು ಎನ್ನುವುದರಲ್ಲಿ. ಇಲ್ಲಿ ಪರಿಶೀಲಿಸಿರುವ ಪ್ರತಿಯೊಂದು ಪಂಥವೂ ಬೇರೆ ಬೇರೆ ಗೆರೆಯ ಮೇಲೆ ನಿಂತು ಓಟ ಆರಂಭಿಸುತ್ತದೆ.

ಮೊದಲು ಎಣಿಸಿದವರು

ವೈದ್ಯರ ಗಳಿಕೆಯನ್ನು ಕ್ರಮವಾಗಿ ಅಳೆದ ದೊಡ್ಡ ಪ್ರಯತ್ನ ನಡೆದದ್ದು 1930ರ ದಶಕದ ಆರ್ಥಿಕ ಕುಸಿತದ ದಿನಗಳ ಅಂಕಿಗಳ ಮೇಲೆ. ಅರ್ಥಶಾಸ್ತ್ರಜ್ಞರಾದ ಸೈಮನ್ ಕುಜ್ನೆಟ್ಸ್ ಮತ್ತು ಆಗಿನ್ನೂ ತರುಣನಾಗಿದ್ದ ಮಿಲ್ಟನ್ ಫ್ರೀಡ್‌ಮನ್ ಸೇರಿ ವೈದ್ಯರು, ದಂತವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಮತ್ತು ಸಲಹಾ ಎಂಜಿನಿಯರುಗಳ ಆದಾಯವನ್ನು ಹೋಲಿಸಿದರು. 1945ರಲ್ಲಿ ಅದು ಪುಸ್ತಕವಾಗಿ ಹೊರಬಂತು. ದಂತವೈದ್ಯರಿಗಿಂತ ವೈದ್ಯರ ಆದಾಯ ಸುಮಾರು ಮೂರನೇ ಒಂದು ಪಾಲು ಹೆಚ್ಚಿತ್ತು. ದೀರ್ಘ ತರಬೇತಿಯ ಖರ್ಚನ್ನು ಕಳೆದರೂ ಒಂದಿಷ್ಟು ಹೆಚ್ಚಳ ಉಳಿಯುತ್ತಿತ್ತು. ವೃತ್ತಿಯ ಬಾಗಿಲನ್ನು ವೈದ್ಯಸಂಘವೇ ಕಿರಿದಾಗಿಸಿದ್ದು ಅದಕ್ಕೆ ಕಾರಣ ಎಂದು ಇಬ್ಬರೂ ಬರೆದರು. ಪ್ರಕಟಿಸಬೇಕಾದ ಸಂಸ್ಥೆಯ ಒಳಗಿಂದಲೇ ಆಕ್ಷೇಪ ಬಂದು ಪುಸ್ತಕ ತಡವಾಯಿತು. ವೈದ್ಯರ ಹಣದ ಲೆಕ್ಕ ಅಂದಿನಿಂದಲೂ ತಣ್ಣಗಿನ ವಿಷಯವಲ್ಲ.

ಆ ಪುಸ್ತಕದೊಳಗೆ ಇನ್ನೊಂದು ಬೀಜವಿತ್ತು. ವೈದ್ಯನ ಒಂದು ವರ್ಷದ ಗಳಿಕೆಯಲ್ಲಿ ಸ್ಥಿರವಾದ ಭಾಗವೊಂದು, ಬಂದು ಹೋಗುವ ಭಾಗವೊಂದು ಇರುತ್ತದೆ ಎಂಬ ವಿಚಾರ. ಇದನ್ನೇ ಬೆಳೆಸಿ ಫ್ರೀಡ್‌ಮನ್ 1957ರಲ್ಲಿ, ಜನ ಖರ್ಚು ಮಾಡುವುದು ಈ ವರ್ಷದ ಆದಾಯ ನೋಡಿ ಅಲ್ಲ, ಬಾಳಿನುದ್ದಕ್ಕೂ ಬರಬಹುದಾದ ಆದಾಯದ ಅಂದಾಜು ನೋಡಿ ಎಂಬ ಸಿದ್ಧಾಂತ ಮಂಡಿಸಿದರು. ಅದಕ್ಕೂ ಮೊದಲು 1954ರಲ್ಲಿ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಬ್ರಂಬರ್ಗ್ ಜೀವನಚಕ್ರದ ಸಿದ್ಧಾಂತ ಕೊಟ್ಟಿದ್ದರು: ಹರೆಯದಲ್ಲಿ ಸಾಲ, ನಡುವಯಸ್ಸಿನಲ್ಲಿ ಉಳಿತಾಯ, ಮುಪ್ಪಿನಲ್ಲಿ ಕರಗಿಸುವುದು. ಈ ಕಣ್ಣಿಂದ ನೋಡಿದರೆ ಮೂವತ್ತೆರಡರ ವೈದ್ಯೆಯ ಸಾಲ ರೋಗವಲ್ಲ, ಅವಳ ವೃತ್ತಿಯ ಸಹಜ ಹಂತ. ಅವಳ ನಿಜವಾದ ಆಸ್ತಿ ಬ್ಯಾಂಕಿನಲ್ಲಿಲ್ಲ, ಮುಂದಿನ ಮೂವತ್ತು ವರ್ಷ ದುಡಿಯಬಲ್ಲ ಕೈಗಳಲ್ಲಿದೆ. ಆದರೆ ಆ ಕೈಗಳ ಬೆಲೆಯನ್ನು ಯಾವ ಬ್ಯಾಂಕ್ ಪುಸ್ತಕವೂ ಬರೆದುಕೊಳ್ಳುವುದಿಲ್ಲ. ಸಾಲವನ್ನು ಮಾತ್ರ ಪೈಸೆ ಪೈಸೆಯೂ ಬರೆದುಕೊಳ್ಳುತ್ತದೆ.

ವಯಸ್ಸನ್ನು ಹಿಡಿದ ಸೂತ್ರ

ಸಿದ್ಧಾಂತವನ್ನು ಬಿಟ್ಟು ಜನಸಾಮಾನ್ಯರ ಕೈಗೆ ಅಳತೆಗೋಲು ಕೊಟ್ಟವರು ಥಾಮಸ್ ಸ್ಟಾನ್ಲಿ ಮತ್ತು ವಿಲಿಯಂ ಡ್ಯಾಂಕೊ. 1996ರ ಅವರ ‘ದಿ ಮಿಲಿಯನೇರ್ ನೆಕ್ಸ್ಟ್ ಡೋರ್’ ಹೇಳಿದ ಸೂತ್ರ ಸರಳ: ವಯಸ್ಸನ್ನು ವರ್ಷದ ಆದಾಯದಿಂದ ಗುಣಿಸಿ ಹತ್ತರಿಂದ ಭಾಗಿಸಿ. ಪಿತ್ರಾರ್ಜಿತವನ್ನು ಬಿಟ್ಟು ಅಷ್ಟು ಸಂಪತ್ತು ನಿಮ್ಮಲ್ಲಿರಬೇಕು. ಅದರ ಎರಡರಷ್ಟಿದ್ದರೆ ಕೂಡಿಡುವುದರಲ್ಲಿ ನೀವು ಮುಂದು, ಅರ್ಧಕ್ಕಿಂತ ಕಡಿಮೆಯಿದ್ದರೆ ಹಿಂದು.

ಇದು ವೈದ್ಯರನ್ನು ಚುಚ್ಚಿದ್ದಕ್ಕೆ ಕಾರಣವಿದೆ. ಆದಾಯಕ್ಕೆ ಹೋಲಿಸಿದರೆ ಸಂಪತ್ತು ಕೂಡಿಸುವುದರಲ್ಲಿ ವೈದ್ಯರು ಹಿಂದೆ ಎಂದು ಪುಸ್ತಕ ನೇರವಾಗಿಯೇ ಹೇಳಿತು. ಉದಾಹರಣೆಗೆ ಇಬ್ಬರು ವೈದ್ಯರನ್ನು ಆರಿಸಿಕೊಂಡಿತು, ಡಾ. ನಾರ್ತ್ ಮತ್ತು ಡಾ. ಸೌತ್ ಎಂಬ ಕಲ್ಪಿತ ಹೆಸರುಗಳಲ್ಲಿ. ಇಬ್ಬರಿಗೂ ಐವತ್ತು ದಾಟಿದ ವಯಸ್ಸು, ಇಬ್ಬರ ಆದಾಯವೂ ವರ್ಷಕ್ಕೆ 7 ಲಕ್ಷ ಡಾಲರಿನ ಮೇಲೆ. ಒಬ್ಬರ ಸಂಪತ್ತು 70 ಲಕ್ಷ ಡಾಲರನ್ನು ದಾಟಿತ್ತು, ಇನ್ನೊಬ್ಬರದು 4 ಲಕ್ಷದ ಆಸುಪಾಸು. ಕಾರು, ಬಟ್ಟೆ, ಮನೆಯ ಆಯ್ಕೆಗಳೇ ಆ ಅಂತರಕ್ಕೆ ಕಾರಣ ಎಂದು ಲೇಖಕರು ಪುಟಗಟ್ಟಲೆ ವಿವರಿಸಿದರು. ಸಮಾಜ ವೈದ್ಯನಿಂದ ದೊಡ್ಡ ಮನೆ, ದೊಡ್ಡ ಕಾರು ನಿರೀಕ್ಷಿಸುತ್ತದೆ, ಆ ನಿರೀಕ್ಷೆಯೇ ಅವನನ್ನು ಬರಿದು ಮಾಡುತ್ತದೆ ಎನ್ನುವುದು ಅವರ ವಾದ.

ಐವತ್ತರ ವೈದ್ಯನಿಗೆ ಸೂತ್ರ ಸತ್ಯದ ಹತ್ತಿರ ಹೋಗುತ್ತದೆ. ಮೂವತ್ತರವನಿಗೆ ಅದು ಅನ್ಯಾಯ ಮಾಡುತ್ತದೆ. ಇಪ್ಪತ್ತೆರಡರಿಂದ ಏರುತ್ತಾ ಬಂದ ಸಂಬಳವನ್ನು ಅದು ಕಲ್ಪಿಸಿಕೊಂಡಿದೆ. ವೈದ್ಯನ ಸಂಬಳ ಮೂವತ್ತೆರಡರಲ್ಲಿ ಒಂದೇ ಜಿಗಿತಕ್ಕೆ ಐದು ಪಟ್ಟಾಗುತ್ತದೆ, ಏಕೆಂದರೆ ರೆಸಿಡೆಂಟ್‌ಗೆ ಕೊಡುವುದು ವರ್ಷಕ್ಕೆ 60 ಸಾವಿರ ಡಾಲರ್ ಚಿಲ್ಲರೆ. ಸಂಬಳ ಜಿಗಿದ ದಿನವೇ ಸೂತ್ರ ಬೇಡುವ ಸಂಪತ್ತೂ ಐದು ಪಟ್ಟಾಗುತ್ತದೆ. ನೆನ್ನೆ ಸ್ವಲ್ಪ ಹಿಂದಿದ್ದವನು ಬಡ್ತಿ ಸಿಕ್ಕಿದ ಬೆಳಗ್ಗೆ ಬಹಳ ಹಿಂದೆ ಬೀಳುತ್ತಾನೆ. ಫಿಡೆಲಿಟಿ ಎಂಬ ಹೂಡಿಕೆ ಸಂಸ್ಥೆಯ ಹೆಸರಾಂತ ಸೂಚಿಗೂ ಇದೇ ತೊಡಕು: ಮೂವತ್ತಕ್ಕೆ ಒಂದು ವರ್ಷದ ಸಂಬಳದಷ್ಟು, ನಲವತ್ತಕ್ಕೆ ಮೂರರಷ್ಟು, ಐವತ್ತಕ್ಕೆ ಆರರಷ್ಟು, ಅರವತ್ತೇಳಕ್ಕೆ ಹತ್ತರಷ್ಟು ಎನ್ನುತ್ತದೆ ಅದು. ಮೂವತ್ತಕ್ಕೆ ಇನ್ನೂ ರಾತ್ರಿಪಾಳಿಯ ರೆಸಿಡೆಂಟ್ ಆಗಿರುವವರಿಗೆ ಆ ಮೊದಲ ಮೆಟ್ಟಿಲೇ ಇಲ್ಲ.

ತರಬೇತಿ ಮುಗಿದ ದಿನ ಸೊನ್ನೆ

ಈ ಅನ್ಯಾಯ ಸರಿಪಡಿಸಲು ವೈದ್ಯರೇ ಕಟ್ಟಿಕೊಂಡದ್ದು ಎರಡನೆಯ ಪಂಥ. ವಯಸ್ಸನ್ನು ಮರೆತು, ತರಬೇತಿ ಮುಗಿಸಿ ಪೂರ್ಣ ಸಂಬಳದ ‘ಅಟೆಂಡಿಂಗ್’ ವೈದ್ಯರಾದ ದಿನದಿಂದ ವರ್ಷ ಎಣಿಸುವುದು. ಇದಕ್ಕೆ ಹೆಚ್ಚು ದನಿ ಕೊಟ್ಟವರು ಯೂಟಾ ರಾಜ್ಯದ ತುರ್ತುಚಿಕಿತ್ಸಾ ವೈದ್ಯ ಜಿಮ್ ಡಾಲ್. 2011ರಿಂದ ಬರೆಯುತ್ತಾ ಬಂದ ಅವರು 2014ರಲ್ಲಿ ‘ದಿ ವೈಟ್ ಕೋಟ್ ಇನ್ವೆಸ್ಟರ್’ ಪುಸ್ತಕ ತಂದರು. ಅವರ ಮುಖ್ಯ ಸಲಹೆ: ತರಬೇತಿ ಮುಗಿದ ಮೇಲೂ ಎರಡರಿಂದ ಐದು ವರ್ಷ ರೆಸಿಡೆಂಟರ ಹಾಗೆಯೇ ಬದುಕಿ, ಉಳಿದದ್ದನ್ನು ಸಾಲಕ್ಕೂ ಹೂಡಿಕೆಗೂ ಸುರಿಯಿರಿ, ಆಮೇಲೆ ಒಟ್ಟು ಆದಾಯದ ಶೇ. 20ರಷ್ಟನ್ನು ನಿವೃತ್ತಿಗೆಂದು ಎತ್ತಿಡಿ.

ಈ ಪಂಥದಲ್ಲಿ ನನಗೆ ಬಹಳ ಮಾನವೀಯವಾಗಿ ಕಾಣುವುದು ಸೊನ್ನೆಗೆ ಅದು ಕೊಡುವ ಗೌರವ. ಋಣದಿಂದ ಮೇಲೆದ್ದು ನಿವ್ವಳ ಸಂಪತ್ತು ಸೊನ್ನೆ ಮುಟ್ಟಿದ ದಿನವನ್ನು ಅಲ್ಲಿನ ವೈದ್ಯರು ‘ಬ್ಯಾಕ್ ಟು ಬ್ರೋಕ್’ ಎಂದು ಕರೆದು ಮನೆಯವರೊಂದಿಗೆ ಸಂಭ್ರಮಿಸುತ್ತಾರೆ. ಹೊರಗಿನವರಿಗೆ ಏನೂ ಇಲ್ಲದ ಸ್ಥಿತಿ. ಒಳಗಿನವರಿಗೆ ಹತ್ತಾರು ವರ್ಷಗಳಲ್ಲಿ ಮೊದಲ ಬಾರಿ ನೆಲ ಕಾಲಿಗೆ ತಾಗಿದ ಸ್ಥಿತಿ. ಸಾಲ ಮಾಡಿ ಓದಿದವರ ಮಧ್ಯಮ ಸಾಲ 2 ಲಕ್ಷ ಡಾಲರಿನ ಆಸುಪಾಸಿದೆ, ಓದಿ ಹೊರಬರುವ ಹತ್ತು ಜನರಲ್ಲಿ ಸುಮಾರು ಏಳು ಜನ ಸಾಲಗಾರರು ಎಂದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟ ವರ್ಷ ವರ್ಷ ಹೇಳುತ್ತಾ ಬಂದಿದೆ. ಸೊನ್ನೆ ಅಷ್ಟು ಸಿಹಿಯಾಗಿರುವುದು ಅದಕ್ಕೇ.

ಈ ಸಲಹೆ ಜೀವನಚಕ್ರದ ಸಿದ್ಧಾಂತಕ್ಕೆ ನೇರ ವಿರುದ್ಧ ನಿಲ್ಲುತ್ತದೆ. ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಚಾಯ್ 2022ರಲ್ಲಿ ಜನಪ್ರಿಯ ಹಣಕಾಸು ಪುಸ್ತಕಗಳನ್ನೂ ಅರ್ಥಶಾಸ್ತ್ರದ ಪಾಠವನ್ನೂ ಪಕ್ಕದಲ್ಲಿಟ್ಟು ನೋಡಿದರು. ಪ್ರಾಧ್ಯಾಪಕರ ಪ್ರಕಾರ ಮುಂದೆ ಹೆಚ್ಚು ದುಡಿಯುವವನು ಈಗ ಕಡಿಮೆ ಉಳಿಸುವುದು ಸರಿ, ಬದುಕಿನ ಖರ್ಚು ಏರುಪೇರಿಲ್ಲದೆ ಹರಿಯಬೇಕು. ಜನಪ್ರಿಯ ಲೇಖಕರ ಪ್ರಕಾರ ಉಳಿತಾಯ ಒಂದು ಅಭ್ಯಾಸ, ಚಿಕ್ಕಂದಿನಲ್ಲಿ ಬಾರದಿದ್ದರೆ ದೊಡ್ಡವನಾದ ಮೇಲೂ ಬಾರದು. ಮೊದಲನೆಯದು ಗಣಿತವನ್ನು ನಂಬುತ್ತದೆ, ಎರಡನೆಯದು ಮನುಷ್ಯನ ದೌರ್ಬಲ್ಯವನ್ನು ಬಲ್ಲದು. ಮೂವತ್ತೆರಡರ ವೈದ್ಯೆಗೆ ನಾನು ಎರಡನೆಯದನ್ನೇ ಹೇಳಿಯೇನು. ಒಮ್ಮೆ ಚಾಚಿದ ಕಾಲನ್ನು ಮತ್ತೆ ಹಾಸಿಗೆಯೊಳಗೆ ಎಳೆದುಕೊಳ್ಳುವುದು ಕಷ್ಟ.

ಉಳಿತಾಯದ ದರ

ಸಂಪತ್ತಿನ ಬೆಳವಣಿಗೆಯಲ್ಲಿ ಎರಡು ನೀರು ಬೆರೆತಿರುತ್ತವೆ. ನಾವು ಹಾಕಿದ ಹಣ ಒಂದು, ಮಾರುಕಟ್ಟೆ ತಂದ ಹಣ ಇನ್ನೊಂದು. 2022ರ ಆರಂಭದಲ್ಲಿ 5 ಲಕ್ಷ ಡಾಲರನ್ನು ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದಲ್ಲಿ ಇಟ್ಟಿದ್ದ ವೈದ್ಯ ವರ್ಷದ ಕೊನೆಗೆ ತನ್ನ ದುಡಿಮೆಯ 60 ಸಾವಿರ ಸೇರಿಸಿದ ಎನ್ನೋಣ. ಆ ವರ್ಷ ಲಾಭಾಂಶ ಸೇರಿಸಿದರೂ ಸೂಚ್ಯಂಕ ಶೇ. 18ರಷ್ಟು ಕುಸಿಯಿತು. ಅವನ ಗಂಟು 4 ಲಕ್ಷ 70 ಸಾವಿರಕ್ಕೆ ಇಳಿಯಿತು. ಮರುವರ್ಷ ಲಾಭಾಂಶ ಸೇರಿ ಸೂಚ್ಯಂಕ ಶೇ. 26ರಷ್ಟು ಏರಿತು. ಮತ್ತದೇ 60 ಸಾವಿರ ಸೇರಿಸಿದರೆ ಗಂಟು 6 ಲಕ್ಷ 52 ಸಾವಿರ. ಮೊದಲ ವರ್ಷ ಅವನು ಸೋಮಾರಿಯಾಗಿರಲಿಲ್ಲ, ಎರಡನೇ ವರ್ಷ ಹೊಸ ಜಾಣ್ಮೆಯನ್ನೂ ಕಲಿಯಲಿಲ್ಲ. ಎರಡೂ ವರ್ಷ ಅವನ ಶಿಸ್ತು ಒಂದೇ ಆಗಿತ್ತು.

ಅದಕ್ಕೇ ಮೂರನೆಯ ಪಂಥ ಸಂಪತ್ತನ್ನು ಬಿಟ್ಟು ಉಳಿತಾಯದ ದರವನ್ನು ಹಿಡಿಯುತ್ತದೆ. ಅದು ನಮ್ಮ ಕೈಯಲ್ಲಿದೆ, ಪೇಟೆಯ ಕೈಯಲ್ಲಿಲ್ಲ. ತೊಂದರೆಯೆಂದರೆ ಈ ದರವನ್ನು ಇಬ್ಬರು ಒಂದೇ ರೀತಿ ಲೆಕ್ಕ ಹಾಕುವುದಿಲ್ಲ. ವರ್ಷಕ್ಕೆ 3 ಲಕ್ಷ ದುಡಿದು 80 ಸಾವಿರ ತೆರಿಗೆ ಕಟ್ಟುವ ವೈದ್ಯೆ ತನ್ನ ನಿವೃತ್ತಿ ಖಾತೆಗೆ 23 ಸಾವಿರ ಹಾಕುತ್ತಾಳೆ, ಆಸ್ಪತ್ರೆ 12 ಸಾವಿರ ಸೇರಿಸುತ್ತದೆ, ಸಾಲದ ಅಸಲಿಗೆ 30 ಸಾವಿರ ಹೋಗುತ್ತದೆ, ಮಗುವಿನ ಓದಿಗೆ 10 ಸಾವಿರ. ತಾನು ನಿವೃತ್ತಿಗೆ ಹಾಕಿದ್ದನ್ನು ಮಾತ್ರ ಒಟ್ಟು ಆದಾಯಕ್ಕೆ ಹೋಲಿಸಿದರೆ ದರ ಶೇ. 8. ಎಲ್ಲವನ್ನೂ ಸೇರಿಸಿ ತೆರಿಗೆ ಕಳೆದ ಆದಾಯಕ್ಕೆ ಹೋಲಿಸಿದರೆ ಶೇ. 34. ಎರಡೂ ಸುಳ್ಳಲ್ಲ. ಆದರೆ ಒಬ್ಬಳು ಎಂಟು ಎಂದಾಗ, ಇನ್ನೊಬ್ಬಳು ಮೂವತ್ನಾಲ್ಕು ಎಂದಾಗ, ಇಬ್ಬರೂ ಒಂದೇ ಬದುಕನ್ನು ಬಾಳುತ್ತಿರಬಹುದು.

ದರಕ್ಕೆ ಇನ್ನೊಂದು ಮಿತಿಯಿದೆ. ವೃತ್ತಿಯ ಮೊದಲ ಹತ್ತು ವರ್ಷ ಅದೇ ಎಲ್ಲವೂ. 50 ಲಕ್ಷ ಕೂಡಿಸಿದವನಿಗೆ ಪೇಟೆಯ ಒಂದು ಒಳ್ಳೆಯ ವರ್ಷ ತರುವ 5 ಲಕ್ಷದ ಮುಂದೆ ಅವನ ಉಳಿತಾಯ ಸಣ್ಣದು. ಒಂದೇ ಅಳತೆ ಇಡೀ ಬಾಳಿಗೆ ಸಾಲದು.

ಖರ್ಚಿನಿಂದ ಹಿಂದಕ್ಕೆ ಎಣಿಸುವವರು

ನಾಲ್ಕನೆಯ ಪಂಥ ಓಟದ ಕೊನೆಯ ಗೆರೆಯಿಂದ ಎಣಿಸುತ್ತದೆ. 1994ರಲ್ಲಿ ಕ್ಯಾಲಿಫೋರ್ನಿಯಾದ ಹಣಕಾಸು ಯೋಜಕ ವಿಲಿಯಂ ಬೆಂಗೆನ್ 1926ರಿಂದಾಚೆಗಿನ ಅಮೆರಿಕದ ಪೇಟೆಯ ಅಂಕಿಗಳನ್ನಿಟ್ಟುಕೊಂಡು, ನಿವೃತ್ತಿಯ ಮೊದಲ ವರ್ಷ ಗಂಟಿನ ಶೇ. 4ರಷ್ಟು ತೆಗೆದು ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಏರಿಸುತ್ತಾ ಹೋದರೆ ಮೂವತ್ತು ವರ್ಷ ಹಣ ಬತ್ತುವುದಿಲ್ಲ ಎಂದು ತೋರಿಸಿದರು. ಇದನ್ನು ತಿರುಗಿಸಿದರೆ ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು. ವರ್ಷಕ್ಕೆ 1 ಲಕ್ಷ 20 ಸಾವಿರ ಖರ್ಚು ಮಾಡುವವನಿಗೆ 30 ಲಕ್ಷ ಸಾಕಾದರೆ, 2 ಲಕ್ಷ 40 ಸಾವಿರ ಖರ್ಚಿನವನಿಗೆ 60 ಲಕ್ಷ ಬೇಕು. 40 ಲಕ್ಷ ಇರುವ ಎರಡನೆಯವನು 30 ಲಕ್ಷದ ಮೊದಲನೆಯವನಿಗಿಂತ ಹಿಂದೆ.

ಆದಾಯವನ್ನು ಲೆಕ್ಕದಿಂದಲೇ ಹೊರಗಿಟ್ಟದ್ದು ಈ ಪಂಥದ ಹೆಚ್ಚುಗಾರಿಕೆ. ಬೇಗ ಬಿಳಿಕೋಟು ಕಳಚಿಡಬೇಕು ಎನ್ನುವ ದಣಿದ ವೈದ್ಯರಿಗೆ ಇದು ಭರವಸೆಯ ದಾರಿಯಾಯಿತು. ಆದರೆ ಬೆಂಗೆನ್ ಲೆಕ್ಕ ಮೂವತ್ತು ವರ್ಷಕ್ಕೆ. ನಲವತ್ತೈದಕ್ಕೆ ಬಿಡುವವರಿಗೆ ಐವತ್ತು ವರ್ಷ ಬೇಕಾಗಬಹುದು. ಬೆಂಗೆನ್ ಅವರೇ 2025ರ ಪುಸ್ತಕದಲ್ಲಿ ಶೇ. 4ನ್ನು 4.7ಕ್ಕೆ ಏರಿಸಿದ್ದಾರೆ. ಈ ಗೆರೆಯೂ ಅಲುಗುತ್ತಲೇ ಇದೆ.

ಯಾವುದು ಆಸ್ತಿ, ಯಾವುದು ಸಾಲ

ಇಲ್ಲಿಯವರೆಗಿನ ಪಂಥಗಳೆಲ್ಲ ಅಂಕಿಯೊಂದು ಕೈಯಲ್ಲಿದೆ ಎಂದುಕೊಂಡು ಮುಂದೆ ಹೋಗುತ್ತವೆ. ಆ ಅಂಕಿ ಹುಟ್ಟುವ ಜಾಗವೇ ಅತ್ಯಂತ ಕೆಸರಿನದು.

ತೆರಿಗೆಯಿಂದ ಶುರು ಮಾಡೋಣ. ತೆರಿಗೆ ಕಟ್ಟದೆ ಹಾಕಿದ ಹಳೆಯ ಬಗೆಯ 401-ಕೆ ನಿವೃತ್ತಿ ಖಾತೆಯಲ್ಲಿ 10 ಲಕ್ಷ ಡಾಲರ್ ಇದ್ದರೆ ಅದರ ಒಂದು ಪಾಲು ಸರ್ಕಾರದ್ದು. ತೆಗೆಯುವಾಗ ಸರಾಸರಿ ಶೇ. 20 ತೆರಿಗೆ ಬಿದ್ದರೆ ಅದು 8 ಲಕ್ಷ ಮಾತ್ರ. ಮೊದಲೇ ತೆರಿಗೆ ಕಟ್ಟಿ ಹಾಕುವ ರಾತ್ ಖಾತೆಯ 8 ಲಕ್ಷ ಪೂರ್ತಿ 8 ಲಕ್ಷವೇ. ಒಬ್ಬ 10 ಎಂದೂ ಇನ್ನೊಬ್ಬ 8 ಎಂದೂ ಬರೆದುಕೊಂಡು ಹೋಲಿಸುತ್ತಾರೆ, ಇಬ್ಬರೂ ಸರಿಸಮ. ಇನ್ನು ಲಾಭರಹಿತ ಆಸ್ಪತ್ರೆಗಳು ಕೊಡುವ 457-ಬಿ ಖಾತೆಯ ಹಣ ಕಾನೂನಿನ ಕಣ್ಣಲ್ಲಿ ಆಸ್ಪತ್ರೆಯದೇ. ಆಸ್ಪತ್ರೆ ದಿವಾಳಿಯಾದರೆ ಅದರ ಸಾಲಿಗರು ಆ ಹಣಕ್ಕೆ ಕೈಹಾಕಬಹುದು. ಅದನ್ನು ವೈದ್ಯ ತನ್ನ ಆಸ್ತಿಯೆಂದು ಪೂರ್ತಿ ಬರೆಯಬೇಕೇ?

ಮನೆಯ ವಿಷಯದಲ್ಲಿ ಎರಡು ಬಣಗಳಿವೆ. ಮಾರಬಹುದಾದದ್ದೆಲ್ಲ ಆಸ್ತಿ ಎನ್ನುವವರು ಒಂದು ಕಡೆ, ತಲೆಯ ಮೇಲಿನ ಸೂರು ಹೊಟ್ಟೆ ತುಂಬಿಸದು ಎನ್ನುವವರು ಇನ್ನೊಂದು ಕಡೆ. ಟೆಕ್ಸಾಸ್ ಮತ್ತು ಫ್ಲಾರಿಡಾದಲ್ಲಿ ವಾಸದ ಮನೆಗೆ ಸಾಲಿಗರಿಂದ ಬಲವಾದ ಕಾನೂನು ರಕ್ಷಣೆಯಿರುವುದರಿಂದ, ರೋಗಿಗಳ ದಾವೆಗೆ ಹೆದರುವ ವೈದ್ಯರು ಅಲ್ಲಿ ಮನೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಸ್ವಂತ ಕ್ಲಿನಿಕ್ಕಿನ ಬೆಲೆ ಇನ್ನೂ ಕಷ್ಟ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಸಮೀಕ್ಷೆಗಳ ಪ್ರಕಾರ 2012ರಲ್ಲಿ ಶೇ. 60ರಷ್ಟು ವೈದ್ಯರು ಖಾಸಗಿ ಪ್ರಾಕ್ಟೀಸಿನಲ್ಲಿದ್ದರು. 2024ಕ್ಕೆ ಅದು ಶೇ. 42ಕ್ಕೆ ಇಳಿಯಿತು. ಹಿಂದಿನ ತಲೆಮಾರಿನ ಪಾಲುದಾರರು ಕಟ್ಟಡ, ಯಂತ್ರ, ಹೆಸರನ್ನು ಮಾರಿ ಹೊರನಡೆದರು. ಆಸ್ಪತ್ರೆಯ ನೌಕರಿಯಲ್ಲಿರುವ ಇಂದಿನ ತಲೆಮಾರಿಗೆ ಮಾರಲು ಏನೂ ಇಲ್ಲ. ನಲವತ್ತರಲ್ಲಿ ಇಬ್ಬರ ಬ್ಯಾಂಕ್ ಪುಸ್ತಕ ಒಂದೇ ತೋರಿದರೂ ಅರವತ್ತರಲ್ಲಿ ಒಂದಾಗಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಗೋಜಲು ಸಾಲಮನ್ನಾ. 2007ರ ಕಾನೂನಿನಂತೆ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ದುಡಿಯುತ್ತಾ 120 ತಿಂಗಳ ಕಂತು ಕಟ್ಟಿದರೆ ಉಳಿದ ಸರ್ಕಾರಿ ವಿದ್ಯಾರ್ಥಿ ಸಾಲ ಮನ್ನಾ, ಅದಕ್ಕೆ ಕೇಂದ್ರ ತೆರಿಗೆಯೂ ಇಲ್ಲ. ರೆಸಿಡೆನ್ಸಿಯ ವರ್ಷಗಳೂ ಎಣಿಕೆಗೆ ಬರುತ್ತವೆ, ಆಗ ಕಂತು ಆದಾಯಕ್ಕೆ ತಕ್ಕಂತೆ ಸಣ್ಣದು. ಎಂಟು ವರ್ಷದ ಕಂತು ಮುಗಿಸಿದ ವೈದ್ಯೆಯ ಕಾಗದದ ಮೇಲೆ 3 ಲಕ್ಷ ಸಾಲ ಕಾಣುತ್ತದೆ. ಆದರೆ ಅವಳು ನಿಜಕ್ಕೂ ಕಟ್ಟಬೇಕಿರುವುದು ಎರಡು ವರ್ಷದ ಕಂತು ಮಾತ್ರ. ಅವಳ ಸಾಲ 3 ಲಕ್ಷವೋ, ಕಂತಿನಷ್ಟೋ? ಎರಡನೆಯದೇ ಸರಿ ಎಂದು ಅರ್ಥಶಾಸ್ತ್ರ ಹೇಳಿತು. ಅನುಭವ ಹೆದರಿಸಿತು: 2017ರ ಕೊನೆಯಲ್ಲಿ ಮೊದಲ ಅರ್ಜಿಗಳು ಹೋದಾಗ ನೂರಕ್ಕೆ ತೊಂಬತ್ತೊಂಬತ್ತರಷ್ಟು ತಿರಸ್ಕೃತವಾದವು. 2021ರಿಂದ ನಿಯಮ ಸಡಿಲಿಸಿದ ಮೇಲೆ ಚಿತ್ರ ಬದಲಾಯಿತು, 2024ರ ಅಕ್ಟೋಬರ್ ಹೊತ್ತಿಗೆ ಮನ್ನಾ ಪಡೆದವರ ಸಂಖ್ಯೆ 10 ಲಕ್ಷ ಮುಟ್ಟಿತು. ಅದೇ ವರ್ಷ ಸೇವ್ ಎಂಬ ಕಂತು ಯೋಜನೆಗೆ ನ್ಯಾಯಾಲಯ ತಡೆ ಕೊಟ್ಟಿತು, ಅದರಲ್ಲಿದ್ದವರ ಎಣಿಕೆ ನಿಂತ ಕಡೆ ನಿಂತಿತು. ಒಂದು ತೀರ್ಪು, ಒಂದು ಸುತ್ತೋಲೆ ಒಬ್ಬಳ ಸಂಪತ್ತನ್ನು ರಾತ್ರೋರಾತ್ರಿ ಲಕ್ಷಾಂತರ ಡಾಲರ್ ಹಿಗ್ಗಿಸಬಹುದು, ಕುಗ್ಗಿಸಬಹುದು. ಅವಳ ದುಡಿಮೆ, ಮಿತವ್ಯಯ ಅದರಲ್ಲಿ ಎಲ್ಲೂ ಬರುವುದಿಲ್ಲ.

ಯಾರ ಜೊತೆ ಹೋಲಿಕೆ

ಮನುಷ್ಯ ತನ್ನ ಖರ್ಚನ್ನು ನೆರೆಯವರನ್ನು ನೋಡಿ ನಿರ್ಧರಿಸುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸೆನ್‌ಬೆರಿ 1949ರಲ್ಲೇ ಬರೆದರು. 1954ರಲ್ಲಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್, ಜನ ತಮ್ಮನ್ನು ಅಳೆದುಕೊಳ್ಳುವುದು ತಮ್ಮಂಥವರ ಜೊತೆ ಎಂದು ತೋರಿಸಿದರು. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಸಮೀಕ್ಷೆಯಂತೆ 2022ರಲ್ಲಿ ಅಮೆರಿಕದ ಮಧ್ಯಮ ಕುಟುಂಬದ ನಿವ್ವಳ ಸಂಪತ್ತು 1,92,900 ಡಾಲರ್. ನಡುವಯಸ್ಸಿನ ವೈದ್ಯರಲ್ಲಿ ಬಹುಪಾಲು ಜನ ಇದನ್ನು ದಾಟಿರುತ್ತಾರೆ. ಆದರೆ ಅವರ ಕಣ್ಣು ಹೋಗುವುದು ಆ ಕುಟುಂಬದ ಕಡೆಗಲ್ಲ, ಪಕ್ಕದ ಕೋಣೆಯ ಮೂಳೆತಜ್ಞನ ಕಡೆಗೆ.

ಈ ನೋಟ ಏನು ಮಾಡುತ್ತದೆ? ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರಲ್ಲಿ ಕೆಲವರಿಗೆ, ಸಹೋದ್ಯೋಗಿಗಳ ಸಂಬಳ ಎಲ್ಲಿ ನೋಡಬಹುದು ಎಂದು ತಿಳಿಸಿ ಪರಿಣಾಮ ಅಳೆದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಧ್ಯಮಕ್ಕಿಂತ ಕೆಳಗಿದ್ದವರ ತೃಪ್ತಿ ಕುಸಿಯಿತು, ಮೇಲಿದ್ದವರ ತೃಪ್ತಿ ಏರಲಿಲ್ಲ. ವೈದ್ಯರು ಪರಸ್ಪರ ಸಂಪತ್ತಿನ ಅಂಕಿ ಹಂಚಿಕೊಳ್ಳುವುದು ಹುರುಪು ಕೊಡುತ್ತದೆ ಎನ್ನುವವರು ಈ ಅಧ್ಯಯನವನ್ನು ಮನಸ್ಸಿಟ್ಟು ಓದಬೇಕು. ಅಂಕಿ ಹೇಳಲು ಮುಂದೆ ಬರುವವರೇ ಹೆಚ್ಚು ಕೂಡಿಸಿದವರು. ಸಾಲದಲ್ಲಿ ಮುಳುಗಿದವನು, ವಿಚ್ಛೇದನದಲ್ಲಿ ಅರ್ಧ ಕಳೆದುಕೊಂಡವನು ಸುಮ್ಮನಿರುತ್ತಾನೆ. ಹಾಗೆ ಹುಟ್ಟಿದ ಸರಾಸರಿ ನಿಜಕ್ಕಿಂತ ಮೇಲೆ ನಿಲ್ಲುತ್ತದೆ.

ಆದಾಯದ ಸಮೀಕ್ಷೆಯಲ್ಲಿ ಇದರ ತಿರುಗುಮುರುಗು ಕಂಡಿದೆ. ಜೋಶುವಾ ಗಾಟ್ಲೀಬ್, ಮಾರಿಯಾ ಪೊಲ್ಯಾಕೋವಾ ಮತ್ತಿತರರು ತೆರಿಗೆ ದಾಖಲೆಗಳನ್ನೇ ಹಿಡಿದು ನೋಡಿದಾಗ 2017ರಲ್ಲಿ ವೈದ್ಯರ ಸರಾಸರಿ ಆದಾಯ ಸುಮಾರು 3 ಲಕ್ಷ 50 ಸಾವಿರ ಡಾಲರ್ ಎಂದು ಗೊತ್ತಾಯಿತು. ಕ್ಲಿನಿಕ್ಕಿನ ವ್ಯವಹಾರದ ಲಾಭ ಮಾಮೂಲಿ ಸಮೀಕ್ಷೆಗಳಲ್ಲಿ ಸರಿಯಾಗಿ ಸಿಕ್ಕಿರಲಿಲ್ಲ. ಆದರೆ ತೆರಿಗೆ ಇಲಾಖೆಗೆ ಗೊತ್ತಿರುವುದು ಗಳಿಕೆ, ಗಂಟಲ್ಲ.

ಒಂದೇ ಕೋಟಿನೊಳಗಿನ ಅಸಮಾನತೆ ಬೇರೆ. ಕ್ರಿಸ್ಟೋಫರ್ ವೇಲಿ ಮತ್ತು ಸಂಗಡಿಗರ 2021ರ ಅಧ್ಯಯನ, ನಲವತ್ತು ವರ್ಷದ ವೃತ್ತಿಯಲ್ಲಿ ಮಹಿಳಾ ವೈದ್ಯರು ಪುರುಷರಿಗಿಂತ ಸುಮಾರು 20 ಲಕ್ಷ ಡಾಲರ್ ಕಡಿಮೆ ಗಳಿಸುತ್ತಾರೆ ಎಂದು ಅಂದಾಜಿಸಿತು. ವಿಶೇಷತೆ, ಕೆಲಸದ ಗಂಟೆಗಳಂಥ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲಿನ ಲೆಕ್ಕ ಇದು. ಮಕ್ಕಳ ವೈದ್ಯೆಯೊಬ್ಬಳನ್ನು ಹೃದಯ ಶಸ್ತ್ರವೈದ್ಯನ ಪಕ್ಕ ನಿಲ್ಲಿಸಿ ನೀನೇಕೆ ಹಿಂದೆ ಎಂದು ಕೇಳುವುದು ಅಳತೆಯಾಗುವುದಿಲ್ಲ. ಆದಾಯಕ್ಕೆ ತಕ್ಕಂತೆ ಅಳೆಯುವ ಸ್ಟಾನ್ಲಿ ಸೂತ್ರ ಈ ಮಟ್ಟಿಗೆ ನ್ಯಾಯವಂತ: ಸಿಕ್ಕಿದ್ದರಲ್ಲಿ ಎಷ್ಟು ಉಳಿಸಿದೆ ಎಂದಷ್ಟೇ ಅದು ಕೇಳುತ್ತದೆ, ಏಕೆ ಕಡಿಮೆ ಸಿಕ್ಕಿತು ಎಂದು ಕೇಳುವುದಿಲ್ಲ. ಅದರ ಕುರುಡೂ ಅದೇ.

ಎರಡು ನಾಣ್ಯಗಳ ಸಂಸಾರ

ಅಮೆರಿಕದ ವೈದ್ಯರಲ್ಲಿ ನಾಲ್ವರಿಗೊಬ್ಬರು ಹೊರದೇಶದಲ್ಲಿ ಓದಿದವರು, ಅವರಲ್ಲಿ ಭಾರತದವರದೇ ದೊಡ್ಡ ಗುಂಪು. 1965ರ ವಲಸೆ ಕಾನೂನಿನ ನಂತರ ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿ, ದಾವಣಗೆರೆಯ ಕಾಲೇಜುಗಳಿಂದ ಹೋದವರು ಅನೇಕ. ಮೇಲಿನ ಯಾವ ಸೂತ್ರವೂ ಇವರಿಗಾಗಿ ಹುಟ್ಟಿದ್ದಲ್ಲ.

ಸರ್ಕಾರಿ ಸೀಟಿನಲ್ಲಿ ಓದಿದವರಿಗೆ ಅಲ್ಲಿನ ಸಹೋದ್ಯೋಗಿಗಳ 2 ಲಕ್ಷ ಡಾಲರ್ ಸಾಲ ಇರುವುದಿಲ್ಲ. ಸಾಲದ ಕಡೆಯಿಂದ ನೋಡಿದರೆ ಮುಂದು. ಆದರೆ ಇಲ್ಲಿ ಎಂ.ಡಿ. ಮುಗಿಸಿದವರೂ ಸಾಮಾನ್ಯವಾಗಿ ಅಲ್ಲಿ ರೆಸಿಡೆನ್ಸಿಯನ್ನು ಮೊದಲಿಂದ ಮಾಡಬೇಕು. ಜೆ-1 ವೀಸಾದಲ್ಲಿ ಹೋದವರು ಎರಡು ವರ್ಷ ತಾಯ್ನಾಡಿಗೆ ಮರಳುವ ಷರತ್ತಿನಿಂದ ಬಿಡುಗಡೆ ಬೇಕಾದರೆ, 1994ರಲ್ಲಿ ಶುರುವಾದ ಕಾನ್ರಾಡ್ ಯೋಜನೆಯಂತೆ ವೈದ್ಯರ ಕೊರತೆಯಿರುವ ಊರಲ್ಲಿ ಮೂರು ವರ್ಷ ದುಡಿಯಬೇಕು. ಮತ್ತೆ ತರಬೇತಿ ಮುಗಿಸಿ ಪೂರ್ಣ ಸಂಬಳ ಕಾಣುವಾಗ ಮೂವತ್ತಾರೋ ಮೂವತ್ತೆಂಟೋ ಆಗಿರಬಹುದು. ವಯಸ್ಸಿನ ಕಡೆಯಿಂದ ನೋಡಿದರೆ ಹಿಂದು.

ಊರಿನ ಆಸ್ತಿಯ ಲೆಕ್ಕ ಇನ್ನೂ ಸೂಕ್ಷ್ಮ. 2010ರಲ್ಲಿ ಡಾಲರ್ ಸುಮಾರು 45 ರೂಪಾಯಿ ಇದ್ದಾಗ ಒಬ್ಬರು ಮೈಸೂರಿನಲ್ಲಿ 45 ಲಕ್ಷಕ್ಕೆ ಸೈಟು ಕೊಂಡರು ಎನ್ನೋಣ, ಆಗಿನ ಲೆಕ್ಕಕ್ಕೆ 1 ಲಕ್ಷ ಡಾಲರ್. 2024ಕ್ಕೆ ಅದು 90 ಲಕ್ಷವಾಯಿತು. ಊರಿನ ಅಣ್ಣ ಹೇಳುತ್ತಾನೆ, ದುಡ್ಡು ಎರಡರಷ್ಟಾಯಿತು. ಆ ಹೊತ್ತಿಗೆ ಡಾಲರ್ 84 ರೂಪಾಯಿಗೆ ಬಂದಿದ್ದರಿಂದ ತಮ್ಮನ ಪುಸ್ತಕದಲ್ಲಿ ಅದು 1 ಲಕ್ಷ 7 ಸಾವಿರ ಡಾಲರ್ ಮಾತ್ರ. ಅವನು ಮೈಸೂರಿಗೆ ಮರಳಿ ಬಾಳುವುದಾದರೆ ಅಣ್ಣನ ಲೆಕ್ಕ ಸರಿ, ಅಲ್ಲೇ ಉಳಿದರೆ ತಮ್ಮನ ಲೆಕ್ಕ ಸರಿ. ಬಹಳ ಜನರಿಗೆ ಇಪ್ಪತ್ತು ವರ್ಷವಾದರೂ ಆ ತೀರ್ಮಾನವೇ ಆಗಿರುವುದಿಲ್ಲ. ಇದರ ಮೇಲೆ ಭಾರತದ ಖಾತೆಗಳೆಲ್ಲ ಸೇರಿ 10 ಸಾವಿರ ಡಾಲರ್ ದಾಟಿದರೆ ಅಮೆರಿಕದ ಸರ್ಕಾರಕ್ಕೆ ವರದಿ ಕೊಡಬೇಕು, ಇಲ್ಲಿನ ಮ್ಯೂಚುವಲ್ ಫಂಡುಗಳಿಗೆ ಅಲ್ಲಿ ಕಠಿಣ ತೆರಿಗೆ ಬೀಳುತ್ತದೆ. ಅಪ್ಪ ಹಾಕಿಟ್ಟ ಫಂಡು ಮಗನಿಗೆ ಆಸ್ತಿಯೂ ಹೌದು, ತಲೆನೋವೂ ಹೌದು.

ಇನ್ನೂ ಇತ್ಯರ್ಥವಾಗದ್ದು

ವೈದ್ಯರ ಸಂಪತ್ತನ್ನು ರೆಸಿಡೆನ್ಸಿಯಿಂದ ನಿವೃತ್ತಿಯವರೆಗೆ, ಒಬ್ಬೊಬ್ಬರನ್ನೇ ಹಿಂಬಾಲಿಸಿ ದಾಖಲಿಸುವ ಕೆಲಸ ಇನ್ನೂ ಆಗಬೇಕಿದೆ. ಫೆಡರಲ್ ರಿಸರ್ವ್ ಹೊರಗೆ ಕೊಡುವ ಅಂಕಿಗಳಲ್ಲಿ ಉದ್ಯೋಗಗಳು ದೊಡ್ಡ ಗುಂಪುಗಳಾಗಿ ಬೆರೆತಿವೆ. ವೈದ್ಯರ ಜಾಲತಾಣವಾದ ಮೆಡ್‌ಸ್ಕೇಪ್‌ನಂಥ ಸಮೀಕ್ಷೆಗಳು ವೈದ್ಯರು ತಾವೇ ಹೇಳಿದ್ದನ್ನು ಬರೆದುಕೊಳ್ಳುತ್ತವೆ. ವೈದ್ಯರು ನಿಜಕ್ಕೂ ಕಡಿಮೆ ಉಳಿಸುವವರೋ, ತಡವಾಗಿ ಶುರು ಮಾಡಿದವರು ಮಾತ್ರವೋ ಎಂಬ ಸ್ಟಾನ್ಲಿ ಕಾಲದ ಪ್ರಶ್ನೆ ಅದರಿಂದಾಗಿ ಹಾಗೆಯೇ ನಿಂತಿದೆ.

2026ರ ಜುಲೈಯಿಂದ ವೈದ್ಯಕೀಯ ವಿದ್ಯಾರ್ಥಿಗಳ ಸರ್ಕಾರಿ ಸಾಲಕ್ಕೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿನ ಮಿತಿ ಎಂದು 2025ರ ಕಾನೂನು ಗೊತ್ತುಮಾಡಿತು. ಮಿತಿ ಮೀರಿದ್ದಕ್ಕೆ ಖಾಸಗಿ ಸಾಲ ತೆಗೆದರೆ ಅದಕ್ಕೆ ಮನ್ನಾದ ಬಾಗಿಲು ಇರದು. ಮುಂದಿನ ತಲೆಮಾರಿನ ಸೊನ್ನೆಯ ದಿನ ಹತ್ತಿರ ಬರುವುದೋ ದೂರ ಹೋಗುವುದೋ, ಬಡ ಮನೆಯ ಮಕ್ಕಳು ಈ ಓಟದ ಗೆರೆಗಾದರೂ ಬರುವರೋ ಎಂದು ತಿಳಿಯಲು ಹತ್ತು ವರ್ಷ ಬೇಕು. ದುಡಿಯುವ ಕೈಗಳ ಬೆಲೆಯನ್ನು ಆಸ್ತಿಪಟ್ಟಿಯಲ್ಲಿ ಹೇಗೆ ಬರೆಯಬೇಕು ಎಂಬುದೂ ತೀರ್ಮಾನವಾಗಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕೊಟ್ಟ ಹಣದ ಪ್ರಶ್ನೆ. ತಂಗಿಯ ಮಕ್ಕಳ ಓದಿನ ಶುಲ್ಕ, ತಾಯಿಯ ಚಿಕಿತ್ಸೆ, ತಾನು ಓದಿದ ಹಳ್ಳಿ ಶಾಲೆಗೆ ಕಟ್ಟಿಸಿದ ಎರಡು ಕೋಣೆ. ನಾಲ್ಕೂ ಪಂಥಗಳ ಪುಸ್ತಕದಲ್ಲಿ ಇವು ಖರ್ಚಿನ ಸಾಲಿನಲ್ಲಿ, ಹೊಸ ಕಾರಿನ ಕಂತಿನ ಪಕ್ಕದಲ್ಲೇ ಕೂರುತ್ತವೆ. ಎರಡನ್ನೂ ಕಳೆದು ಉಳಿದ ಅಂಕಿಯ ಮೇಲೆ ಇಬ್ಬರು ವೈದ್ಯರನ್ನು ಹೋಲಿಸಿ, ಒಬ್ಬರನ್ನು ಹಿಂದೆ ಬಿದ್ದವರೆಂದು ಕರೆಯಲಾಗುತ್ತದೆ. ದಾಸೋಹ ಎಂಬ ಪದವಿರುವ ಭಾಷೆಯವರಿಗೆ ಈ ಖಾನೆ ಖಾಲಿ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ. ಅದನ್ನು ತುಂಬುವ ಸೂತ್ರವನ್ನು ನಾವೂ ಬರೆದಿಲ್ಲ.